ಆನೆಯ ತಲೆ ಯಾವಾಗ ಕಾಣಿಸಬೇಕು?

(ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ, ಗದ್ಯದ ಕಥೆ ಚಿತ್ರಕಥೆಯಾಗಿ ರೂಪಾಂತರವಾಗುವಾಗ ಏನಾಗುತ್ತದೆ ಎಂಬ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವಿಲ್ಲದೆ ಅರ್ಥವಾಗದ ಕಡೆ ಎರಡು ಮಾತು ಸೇರಿಸಿದ್ದೇನೆ, ಕೇಳುವವರು ನಕ್ಕ ಕಡೆ ಒಂದೆರಡು ಮಾತು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೈಕು ಸರಿಹೋಗುವ ಮೊದಲೇ ಪರದೆಯ ಮೇಲೆ ಚಿತ್ರ ಬಂದುಬಿಟ್ಟಿತು. ಅದನ್ನು ಕಡೆಗೆ ತೋರಿಸಬೇಕು ಅಂತಿದ್ದೆ. ಮುಂದಿನ ಸಾಲಿನ ಪುಟ್ಟ ಹುಡುಗ ನೋಡಿದ್ದೇ "ಗಣಪತಿ!" ಅಂದ. ಅವನಮ್ಮ ಸುಮ್ಮನಿರೋ ಅಂತ ತಿವಿದರು. ಬಿಡಿ ಅಮ್ಮಾ, ತಿವಿಯಬೇಡಿ. ನಾನು ಒಂದು ಗಂಟೆ ಎಳೆದಾಡಿ ಹೇಳಬೇಕು ಅಂತಿದ್ದ ಗುಟ್ಟನ್ನು ಅವನು ಒಂದೇ ಪದದಲ್ಲಿ ಒಡೆದುಹಾಕಿದ್ದಾನೆ. ಈಗ ನಾನು ಬೇರೆ ದಾರಿ ಹಿಡಿಯಬೇಕು, ಅಷ್ಟೆ.

ಇದು ಗಣಪತಿಯಲ್ಲ. ಚಿತ್ರ ನಾನೇ ಪೆನ್ಸಿಲ್ಲಿನಲ್ಲಿ ಬಿಡಿಸಿದ್ದು, ಹಾಗಾಗಿ ಸೊಂಡಿಲು ಸೊಟ್ಟಗಿದ್ದರೆ ತಪ್ಪು ನನ್ನದು. ಈ ಜೀವಿಯ ಹೆಸರು ಯಾಗ್-ಕೋಶ. ಮೈ ಮನುಷ್ಯನದು, ಬಣ್ಣ ಹಸಿರು, ತಲೆ ಆನೆಯದು. ಇದು ಹುಟ್ಟಿದ್ದು ಅಮೆರಿಕದಲ್ಲಿ, 1933ರ ಮಾರ್ಚ್ ತಿಂಗಳ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ, 'ದಿ ಟವರ್ ಆಫ್ ದಿ ಎಲಿಫೆಂಟ್' ಎಂಬ ಕಥೆಯೊಳಗೆ. ಬರೆದವನು ಟೆಕ್ಸಸ್‌ನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನ ರಾಬರ್ಟ್ ಇ. ಹೋವರ್ಡ್. ಏಕವಚನಕ್ಕೆ ಕ್ಷಮಿಸಿ. 1906ರಲ್ಲಿ ಹುಟ್ಟಿ, 1936ರ ಜೂನ್‌ನಲ್ಲಿ, ಹಾಸಿಗೆ ಹಿಡಿದಿದ್ದ ತಾಯಿ ಇನ್ನು ಎಚ್ಚರವಾಗುವುದಿಲ್ಲ ಎಂದು ತಿಳಿದ ದಿನ ತಾನೇ ಜೀವ ತೆಗೆದುಕೊಂಡವನು ಅವನು. ಮೂವತ್ತಕ್ಕೇ ಹೋದವನ ಮೇಲೆ ಓದುಗರಿಗೆ ಒಂದು ಸಲಿಗೆ ಬಂದುಬಿಡುತ್ತದೆ.

'ವಿಯರ್ಡ್ ಟೇಲ್ಸ್' ಒಂದು ಪಲ್ಪ್ ಪತ್ರಿಕೆ. ಪಲ್ಪ್ ಅಂದರೆ ಮರದ ತಿರುಳು. ಅದರಿಂದ ಮಾಡಿದ ಒರಟು ಕಾಗದದಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಗಳಿಗೂ ಅದೇ ಹೆಸರು ಅಂಟಿತು. ವರ್ಷಗಳು ಕಳೆದಂತೆ ಹಳದಿಯಾಗಿ, ಅಂಚು ಪುಡಿಯಾಗಿ ಉದುರುವ ಕಾಗದ ಅದು. ಬರೆಯುವವನಿಗೆ ಪದಕ್ಕಿಷ್ಟು ಎಂಬ ಲೆಕ್ಕ, ಅದೂ ಕೈಗೆ ಬರುವುದು ತಡವಾಗಿ. ಹೋವರ್ಡ್ ಸಾಯುವಾಗ 'ವಿಯರ್ಡ್ ಟೇಲ್ಸ್' ಅವನಿಗೆ ನೂರಾರು ಡಾಲರ್ ಬಾಕಿ ಇಟ್ಟುಕೊಂಡಿತ್ತು. ಈ ಪತ್ರಿಕೆಯಲ್ಲೇ 1932ರ ಡಿಸೆಂಬರ್‌ನಲ್ಲಿ ಅವನು ಕೋನನ್ ಎಂಬ ಕಾಡು ವೀರನನ್ನು ಮೊದಲು ತಂದ. ನಾವು 'ಕಾನನ' ಅಂದರೂ ಅರ್ಥ ಕೆಡುವುದಿಲ್ಲ, ಆ ಮನುಷ್ಯ ಕಾಡಿನವನೇ. ಆ ಮೊದಲ ಕಥೆಯೂ ಹೊಸದಲ್ಲ. ಕಲ್ ಎಂಬ ಇನ್ನೊಬ್ಬ ನಾಯಕನ ಮೇಲೆ ಬರೆದು, ತಿರಸ್ಕೃತವಾಗಿ ಮನೆಯಲ್ಲಿ ಬಿದ್ದಿದ್ದ ಹಸ್ತಪ್ರತಿಯನ್ನೇ ತಿದ್ದಿ, ಹೆಸರು ಬದಲಿಸಿ, ಮಾಟವನ್ನು ಸೇರಿಸಿ ಬರೆದದ್ದು. ರೂಪಾಂತರದ ಬಗ್ಗೆ ಮಾತಾಡುವಾಗ ಇದು ನೆನಪಿರಲಿ. ಮೂಲ ಅನ್ನುವುದೇ ಇಲ್ಲಿ ಒಂದು ರೂಪಾಂತರ.

ಈ ಬಗೆಯ ಕಥೆಗಳಿಗೆ 'ಕತ್ತಿ ಮತ್ತು ಮಾಟ' ಎಂಬರ್ಥದ ಹೆಸರು ಬಂದದ್ದು ಹೋವರ್ಡ್ ತೀರಿಕೊಂಡು ಕಾಲು ಶತಮಾನ ಕಳೆದ ಮೇಲೆ, 1961ರಲ್ಲಿ. ಫ್ರಿಟ್ಜ್ ಲೈಬರ್ ಎಂಬ ಲೇಖಕರು ಇಟ್ಟ ಹೆಸರು. ನಮಗೇನೂ ಇದು ಅಪರಿಚಿತವಲ್ಲ. ವಿಠಲಾಚಾರ್ಯರ ಸಿನಿಮಾ ನೋಡಿದವರು, ಚಂದಮಾಮ ಓದಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ತಲೆಗೂದಲು ನೋಡಿಯೇ ಗೊತ್ತಾಗುತ್ತದೆ. ಒಬ್ಬ ಸಾಹಸಿ, ಒಬ್ಬ ಮಾಂತ್ರಿಕ, ಮಾಂತ್ರಿಕನ ಪ್ರಾಣ ಇನ್ನೆಲ್ಲೋ ಒಂದು ವಸ್ತುವಿನಲ್ಲಿ. ವ್ಯತ್ಯಾಸ ಒಂದೇ. ನಮ್ಮ ಸಾಹಸಿ ರಾಜಕುಮಾರ, ಧರ್ಮದ ಪರ. ಹೋವರ್ಡ್‌ನ ಸಾಹಸಿ ಕಳ್ಳ, ಕೂಲಿ ಸಿಪಾಯಿ, ಕಡಲ್ಗಳ್ಳ, ಹೊಟ್ಟೆಪಾಡಿನ ಪರ.

ಈಗ ಆನೆ ಗೋಪುರಕ್ಕೆ ಹೋಗೋಣ.

ಜಮೋರಾ ಎಂಬ ದೇಶದ ಕಳ್ಳರ ಕೇರಿಯ ಹೆಂಡದಂಗಡಿಯಲ್ಲಿ ಹದಿಹರೆಯದ ಕೋನನ್ ಆ ಗೋಪುರದ ಸುದ್ದಿ ಕೇಳುತ್ತಾನೆ. ಅಲ್ಲಿ ಯಾರಾ ಎಂಬ ಮಂತ್ರವಾದಿಯ ಬಳಿ 'ಆನೆಯ ಹೃದಯ' ಎಂಬ ರತ್ನವಿದೆಯಂತೆ. ರಾತ್ರಿ ತೋಟಕ್ಕೆ ನುಗ್ಗುತ್ತಾನೆ. ಅಲ್ಲಿ ಟಾರಸ್ ಎಂಬ ದಪ್ಪ ಹೊಟ್ಟೆಯ ಹೆಸರಾಂತ ಕಳ್ಳ ಜೊತೆಯಾಗುತ್ತಾನೆ. ಸಿಂಹಗಳಿವೆ, ಅವುಗಳ ಮೇಲೆ ಕಪ್ಪು ಕಮಲದ ಪುಡಿ ಊದುತ್ತಾರೆ. ಹಗ್ಗ ಹತ್ತಿ ಮೇಲೇರಿದರೆ ಹಂದಿಗಾತ್ರದ ಜೇಡ. ಟಾರಸ್ ಸಾಯುತ್ತಾನೆ. ಇಷ್ಟೆಲ್ಲ ದಾಟಿ ಒಂದು ಕೋಣೆಯ ಬಾಗಿಲು ತೆರೆದಾಗ ಅಮೃತಶಿಲೆಯ ಮಂಚದ ಮೇಲೆ ಒಂದು ವಿಗ್ರಹ ಕಾಣುತ್ತದೆ.

ಹೋವರ್ಡ್ ಇಲ್ಲಿ ಮಾಡುವ ಜಾಣತನ ನೋಡಿ. ಕೋನನ್ ಆನೆಯನ್ನು ಕಂಡವನಲ್ಲ. ದೂರದೇಶದ ಯಾರೋ ಅಲೆಮಾರಿ ಹೇಳಿದ್ದನ್ನು ಕೇಳಿದ್ದಾನೆ, ಅಷ್ಟೆ. ಹಾಗಾಗಿ ಕಥೆ 'ಆನೆತಲೆ' ಎಂದು ಒಮ್ಮೆಗೇ ಹೇಳುವುದಿಲ್ಲ. ಮೊದಲು ಮೈ, ಆಮೇಲೆ ತಲೆಯ ಅಳತೆ ಸರಿಯಿಲ್ಲ ಎಂಬ ಗಾಬರಿ, ಆಮೇಲೆ ಅಗಲ ಕಿವಿ, ಸುರುಳಿ ಸುತ್ತಿದ ಸೊಂಡಿಲು, ಅದರ ಎರಡು ಬದಿಗೆ ಕೋರೆ, ಕೋರೆಯ ತುದಿಗೆ ಚಿನ್ನದ ಗುಂಡು. ಇಷ್ಟಾದ ಮೇಲೆ 'ಓ, ಇದಕ್ಕೇ ಗೋಪುರಕ್ಕೆ ಆ ಹೆಸರು' ಎಂದು ಕೋನನ್‌ಗೆ ಹೊಳೆಯುತ್ತದೆ. ವಿಗ್ರಹ ಎಂದುಕೊಂಡದ್ದು ಕಣ್ಣು ತೆರೆಯುತ್ತದೆ. ಸೊಂಡಿಲು ಗಾಳಿಯಲ್ಲಿ ತಡವುತ್ತದೆ. ಹಳದಿ ಕಣ್ಣು ಎತ್ತಲೋ ನೋಡುತ್ತದೆ, ಅಂದರೆ ಕುರುಡು. ಆಮೇಲೆ ಕೋನನ್‌ನ ನೋಟ ಅದರ ಕೈಕಾಲಿಗೆ ಇಳಿಯುತ್ತದೆ. ಸುಟ್ಟ ಗಾಯ, ಮುರಿದು ತಿರುಚಿದ ಗುರುತು. ಅದು ಎದ್ದು ಬರುವುದಿಲ್ಲ, ಎದ್ದು ಬರುವ ಸ್ಥಿತಿಯಲ್ಲೇ ಇಲ್ಲ. ಮಂತ್ರವಾದಿ ವರ್ಷಾನುಗಟ್ಟಲೆ ಅದನ್ನು ಹಿಂಸಿಸಿ ವಿದ್ಯೆ ಕಸಿದಿದ್ದಾನೆ. ಹೆದರಿಕೆ ಅಷ್ಟಷ್ಟಾಗಿ ಕರುಣೆಯಾಗುತ್ತದೆ. ಕೊನೆಗೆ ಇಡೀ ಮನುಷ್ಯಕುಲದ ತಪ್ಪು ತನ್ನ ಹೆಗಲೇರಿದಂತೆ ಆ ಕಾಡು ಹುಡುಗ ನಾಚಿ ಕುಗ್ಗುತ್ತಾನೆ.

ಒಂದು ಪುಟದೊಳಗೆ ಇಷ್ಟು. ಇದೆಲ್ಲ ನಡೆಯುವುದು ವಾಕ್ಯ ಒಂದರ ಹಿಂದೆ ಒಂದು ಬರುವುದರಿಂದ. ಓದುವವನು ಮುಂದಿನ ಸಾಲಿಗೆ ಹಾರಲಾರ.

ಚಿತ್ರಕಥೆಯಲ್ಲಿ? ಪುಟ ತಿರುವಿದ ಕೂಡಲೇ ಕಣ್ಣು ಇಡೀ ಪುಟವನ್ನು ನುಂಗಿರುತ್ತದೆ. ಮೊದಲ ಚೌಕಟ್ಟು ಓದುವ ಮೊದಲೇ ಕಡೆಯ ಚೌಕಟ್ಟಿನ ಆನೆತಲೆ ಕಂಡಿರುತ್ತದೆ. ನಮ್ಮ ಈ ಹುಡುಗನ ಹಾಗೆ, ಉಪನ್ಯಾಸ ಶುರುವಾಗುವ ಮೊದಲೇ.

ಹಳಗನ್ನಡ ಗೊತ್ತಿರುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮನ ಗರ್ಜನೆ. ರನ್ನ ಹೇಳುತ್ತಾನೆ, 'ನೀರೊಳಗಿರ್ದುಂ ಬೆಮರ್ದನುರಗಪತಾಕಂ.' ನೀರಿನೊಳಗೆ ಇದ್ದೂ ಬೆವರಿದ. ಈಗ ಇದನ್ನು ಬಿಡಿಸಿ ನೋಡೋಣ. ನೀರೊಳಗಿನ ಬೆವರನ್ನು ಯಾವ ಗೆರೆಯಲ್ಲಿ ತೋರಿಸುತ್ತೀರಿ? ಮುಖದ ಮೇಲೆ ಹನಿ ಹಾಕಿದರೆ ಅದು ನೀರೇ. ಆ ಸಾಲಿನ ಶಕ್ತಿಯೆಲ್ಲ ಕಣ್ಣಿಗೆ ಕಾಣದಿರುವುದರಲ್ಲಿದೆ. ಚಿತ್ರಕಾರ ಅದನ್ನು ಬಿಟ್ಟುಬಿಡಬೇಕು, ಇಲ್ಲವೇ ರನ್ನನ ಸಾಲನ್ನೇ ಮೂಲೆಯಲ್ಲಿ ಬರೆದು ಕೈಮುಗಿಯಬೇಕು, ಅದೂ ಆಗದಿದ್ದರೆ ಬೇರೆ ಏನನ್ನಾದರೂ ಹುಡುಕಬೇಕು. ಕೋನನ್‌ನನ್ನು ಚಿತ್ರಕ್ಕಿಳಿಸಿದವರೆಲ್ಲ ಈ ಮೂರರಲ್ಲೇ ಒದ್ದಾಡಿದ್ದಾರೆ.

ಇದರ ಚರಿತ್ರೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅದರಲ್ಲಿ ದುಡ್ಡಿನ ಮಾತಿದೆ, ದುಡ್ಡಿನ ಮಾತು ಯಾವಾಗಲೂ ರುಚಿ. ಮೊದಲ ಕೋನನ್ ಕಾಮಿಕ್ಸ್ ಬಂದದ್ದು ಅಮೆರಿಕದಲ್ಲಲ್ಲ, 1950ರ ದಶಕದ ಆರಂಭದಲ್ಲಿ ಮೆಕ್ಸಿಕೋದಲ್ಲಿ. ಅದರಲ್ಲಿ ಕೋನನ್‌ಗೆ ಹೊಂಬಣ್ಣದ ಕೂದಲು! ಹೋವರ್ಡ್‌ನ ಕೋನನ್ ಕಪ್ಪು ಕೂದಲಿನವನು. 1966ರಿಂದ ಲ್ಯಾನ್ಸರ್ ಎಂಬ ಪ್ರಕಾಶಕರು ಹಳೆಯ ಕಥೆಗಳನ್ನು ಅಗ್ಗದ ಪುಸ್ತಕಗಳಾಗಿ ತಂದರು. ಫ್ರಾಂಕ್ ಫ್ರಜೆಟ್ಟಾ ಬರೆದ ಮುಖಪುಟಗಳನ್ನು ನೋಡಿಯೇ ಜನ ಕೊಂಡರು. ಮಾರ್ವೆಲ್ ಎಂಬ ಕಾಮಿಕ್ಸ್ ಪ್ರಕಾಶನಕ್ಕೆ ಓದುಗರಿಂದ ಇಂಥ ಕಥೆ ಬೇಕು ಎಂಬ ಪತ್ರಗಳು ಬರತೊಡಗಿದವು. ಅಲ್ಲಿನ ಲೇಖಕ ರಾಯ್ ಥಾಮಸ್, ಪ್ರಕಾಶಕ ಮಾರ್ಟಿನ್ ಗುಡ್‌ಮನ್‌ರನ್ನು ಒಪ್ಪಿಸಿದರು. ಸಂಚಿಕೆಗೆ 150 ಡಾಲರ್ ಕೊಡಬಹುದು ಎಂದರು ಗುಡ್‌ಮನ್. ಅಷ್ಟಕ್ಕೆ ಕೋನನ್ ಸಿಗಲಾರ ಎಂದುಕೊಂಡು ಥಾಮಸ್ ಮೊದಲು ಕೇಳಿದ್ದು ಕೋನನ್‌ನ ನೆರಳಿನಲ್ಲಿ ಹುಟ್ಟಿದ ಥೊಂಗೋರ್ ಎಂಬ ನಾಯಕನನ್ನು. ಥೊಂಗೋರ್ ಕಥೆಗಳ ಲೇಖಕರ ಏಜೆಂಟ್ ಹೆಚ್ಚು ಸಿಗಬಹುದೆಂದು ಎಳೆದಾಡಿದ. ಬೇಸತ್ತ ಥಾಮಸ್, ಹೋವರ್ಡ್‌ನ ಬರಹಗಳನ್ನು ನೋಡಿಕೊಳ್ಳುತ್ತಿದ್ದ ಗ್ಲೆನ್ ಲಾರ್ಡ್‌ಗೆ ನೇರ ಬರೆದರು. 150 ಎಂದು ಬರೆಯಲು ನಾಚಿಕೆಯಾಗಿ 200 ಎಂದು ಬರೆದುಬಿಟ್ಟರು. ಲಾರ್ಡ್ ಒಪ್ಪಿದರು.

ಈಗ ಆ ಹೆಚ್ಚಿನ 50 ಡಾಲರನ್ನು ಎಲ್ಲಿಂದ ತರುವುದು? ಥಾಮಸ್‌ಗೆ ಬೇಕಾಗಿದ್ದ ಚಿತ್ರಕಾರ ಜಾನ್ ಬುಸೆಮಾ. ಪುಟಕ್ಕೆ ಅವರ ಸಂಭಾವನೆ ಜಾಸ್ತಿ. ಲೆಕ್ಕ ಹೊಂದಲಿಲ್ಲ. ಅಗ್ಗಕ್ಕೆ ಸಿಕ್ಕವರು ಬ್ಯಾರಿ ಸ್ಮಿತ್ ಎಂಬ ಇಂಗ್ಲಿಷ್ ಹುಡುಗ. ಕೆಲಸದ ಪರವಾನಗಿ ಇಲ್ಲವೆಂದು ಅಮೆರಿಕದಿಂದ ವಾಪಸು ಕಳಿಸಲ್ಪಟ್ಟವರು, 1949ರಲ್ಲಿ ಹುಟ್ಟಿದವರು. ಹೀಗೆ 1970ರ ಅಕ್ಟೋಬರ್ ದಿನಾಂಕ ಹೊತ್ತ ಮೊದಲ ಸಂಚಿಕೆಯನ್ನು ಲಂಡನ್ನಿನಲ್ಲಿ ಕೂತು ಬಿಡಿಸಿದರು. ಬೆಲೆ 15 ಸೆಂಟ್. ಮೊದಲ ಸಂಚಿಕೆ ಚೆನ್ನಾಗಿ ಹೋಯಿತು, ಆಮೇಲೆ ಒಂದೊಂದೂ ಇಳಿಯಿತು. ಏಳನೆಯದರ ಹೊತ್ತಿಗೆ ಪತ್ರಿಕೆಯನ್ನು ನಿಲ್ಲಿಸುವ ತೀರ್ಮಾನವೂ ಆಗಿತ್ತು, ಥಾಮಸ್ ವಾದ ಮಾಡಿ ಒಂದೇ ದಿನದಲ್ಲಿ ಅದನ್ನು ತಿರುಗಿಸಿದರು. ಆಮೇಲೆ ಅದೇ ಪತ್ರಿಕೆ 1993ರವರೆಗೆ, 275 ಸಂಚಿಕೆ ನಡೆಯಿತು.

ಮಾರ್ವೆಲ್‌ನಲ್ಲಿ ಆಗ ಕೆಲಸದ ಕ್ರಮವೇ ಬೇರೆಯಿತ್ತು. ಲೇಖಕ ಕಥೆಯ ಎಳೆ ಕೊಡುತ್ತಿದ್ದ. ಯಾವ ಘಟನೆ ಯಾವ ಪುಟಕ್ಕೆ, ಎಷ್ಟು ಚೌಕಟ್ಟಿಗೆ ಎಂದು ಒಡೆಯುವವನು ಚಿತ್ರಕಾರ. ಬಿಡಿಸಿ ಬಂದ ಪುಟದ ಮೇಲೆ ಲೇಖಕ ಮಾತು ತುಂಬುತ್ತಿದ್ದ. ಅಂದರೆ ಹೋವರ್ಡ್ ವಾಕ್ಯಗಳಲ್ಲಿ ಹಿಡಿದಿಟ್ಟಿದ್ದ ಸಮಯ ಈಗ ಇಪ್ಪತ್ತೊಂದು ವರ್ಷದ ಹುಡುಗನ ಪೆನ್ಸಿಲ್ಲಿಗೆ ಬಂತು.

ನಾಲ್ಕನೆಯ ಸಂಚಿಕೆ, 1971ರ ಏಪ್ರಿಲ್, ಅದೇ ಆನೆ ಗೋಪುರ. ಸುಮಾರು ಇಪ್ಪತ್ತು ಪುಟ. ಹೋವರ್ಡ್‌ನದು ಒಂಬತ್ತು ಸಾವಿರ ಪದಗಳಿಗೂ ಮೀರಿದ ಕಥೆ. ಹೆಂಡದಂಗಡಿ, ಸಿಂಹ, ಟಾರಸ್, ಜೇಡ ಎಲ್ಲ ಓಡೋಡಿ ಮುಗಿಯಬೇಕು. ಸ್ಮಿತ್ ಆಗಿನ್ನೂ ಕಲಿಯುತ್ತಿದ್ದರು. ಕೆಲವು ಕೈಕಾಲುಗಳು ಎಲ್ಲಿಂದ ಹೊರಟು ಎಲ್ಲಿಗೆ ಹೋದವೋ ಗೊತ್ತಾಗುವುದಿಲ್ಲ. ಅವರ ಕೋನನ್ ಫ್ರಜೆಟ್ಟಾನ ಕೋನನ್‌ನಂತೆ ಗೂಳಿಯಲ್ಲ, ತೆಳ್ಳಗಿನ ಚಿರತೆ. ತಲೆಗೆ ಕೊಂಬಿನ ಶಿರಸ್ತ್ರಾಣ, ಕೊರಳಲ್ಲಿ ಬಿಲ್ಲೆಗಳ ಸರ. ಆದರೆ ಇದರಿಂದಲೇ ಒಂದು ಲಾಭವಾಯಿತು ಎಂದು ನನಗೆ ಅನ್ನಿಸುತ್ತದೆ. ಆ ಕೋಣೆಯಲ್ಲಿ ನಿಂತವನು ಹುಡುಗ. ಹುಡುಗನ ಮುಖದ ಮೇಲೆ ಗಾಬರಿ ಕೂರುತ್ತದೆ, ನಾಚಿಕೆಯೂ ಕೂರುತ್ತದೆ. ಇಡೀ ಕುಲದ ತಪ್ಪು ಹೆಗಲೇರುವ ಆ ಸಾಲನ್ನು ಗೆರೆಯಲ್ಲಿ ಹೇಳಲಾಗದು. ಅದನ್ನು ನಂಬಿಸಬಲ್ಲ ಒಂದು ಹೆಗಲನ್ನು ಸ್ಮಿತ್ ಬಿಡಿಸಿದರು, ಉಳಿದದ್ದನ್ನು ಮಾತಿಗೆ ಬಿಟ್ಟರು.

ಆರು ವರ್ಷದ ಮೇಲೆ ಅದೇ ಕಥೆಯನ್ನು ಅದೇ ಥಾಮಸ್ ಮತ್ತೆ ಮಾಡಿದರು. ಈ ಸಲ 'ದಿ ಸ್ಯಾವೇಜ್ ಸೋರ್ಡ್ ಆಫ್ ಕೋನನ್' ಎಂಬ ಕಪ್ಪುಬಿಳುಪು ಪತ್ರಿಕೆಯ 24ನೆಯ ಸಂಚಿಕೆ, 1977. 1974ರಲ್ಲಿ ಶುರುವಾದ ಈ ಪತ್ರಿಕೆ ಆಕಾರದಲ್ಲಿ ದೊಡ್ಡದು. ಪೆನ್ಸಿಲ್ ಕೊನೆಗೂ ಬುಸೆಮಾ ಕೈಯಲ್ಲಿ. ಆ ಪೆನ್ಸಿಲ್ ಗೆರೆಗಳ ಮೇಲೆ ಶಾಯಿ ಹಚ್ಚಿದವರು ಫಿಲಿಪ್ಪೀನ್ಸಿನ ಅಲ್ಫ್ರೆಡೊ ಅಲ್ಕಾಲ. ಜಾಗ ಮೊದಲಿನದಕ್ಕಿಂತ ಎರಡರಷ್ಟು. ಅಲ್ಕಾಲರ ಗೆರೆ ನೋಡಿದರೆ ಹಳೆಯ ಕಾಲದ ತಾಮ್ರದ ಕೆತ್ತನೆ ನೆನಪಾಗುತ್ತದೆ. ಪ್ರತಿ ಕಲ್ಲಿಗೂ ನೆರಳು, ಪ್ರತಿ ಎಲೆಗೂ ಎಳೆ. ಬುಸೆಮಾಗೆ ಇದು ಹಿಡಿಸಿರಲಿಲ್ಲ, ತನ್ನ ಗೆರೆ ಅಡಿಗೆ ಬೀಳುತ್ತದೆ ಎಂಬ ದೂರು. ಓದುಗರಿಗೆ ಅದೇ ಬೇಕಿತ್ತು. ಆದರೆ ಬುಸೆಮಾರ ಕೋನನ್ ಹುಟ್ಟಿದಾಗಲೇ ನಲವತ್ತು ವರ್ಷದವನಂತಿರುತ್ತಾನೆ. ಅವನು ಯಾವುದಕ್ಕೂ ಗಾಬರಿಯಾಗುವವನಲ್ಲ. ಚಿತ್ರ ಭವ್ಯ, ಕಥೆ ಪೂರ್ಣ, ಆ ಒಂದು ನಾಚಿಕೆ ಮಾತ್ರ ನನಗೆ ಅಲ್ಲಿ ಸಿಗಲಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇರಬಹುದು, ಹೇಳಿಬಿಡುತ್ತೇನೆ. ಈ ಎರಡನೆಯದನ್ನು ನಾನು ಮೊದಲು ಓದಿದೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ರಟ್ಟಿಲ್ಲದ ಪ್ರತಿ ಸಿಕ್ಕಿತ್ತು. ಕೋನನ್ ಆ ಕೋಣೆಯ ಬಾಗಿಲಿಗೆ ಬರುತ್ತಾನೆ, ಅಲ್ಲಿಗೆ ಹಾಳೆ ಹರಿದಿತ್ತು. ಮುಂದಿಲ್ಲ. ಎಷ್ಟೋ ವರ್ಷ ಆ ಬಾಗಿಲಿನ ಹಿಂದೆ ಏನಿದೆ ಎಂದು ನಾನೇ ಕಟ್ಟಿಕೊಂಡಿದ್ದೆ. ಯಾವ ಚಿತ್ರಕಾರನೂ ಅಷ್ಟು ಒಳ್ಳೆಯ ಪುಟತಿರುವು ಕೊಡಲಾರ. ಕೊನೆಗೆ ಪೂರ್ತಿ ಪ್ರತಿ ಸಿಕ್ಕಾಗ ಬೇಸರವಾದದ್ದು ಬುಸೆಮಾ ತಪ್ಪಲ್ಲ.

ಥಾಮಸ್ ಮೇಲಿರುವ ದೊಡ್ಡ ದೂರು ಮಾತು ಜಾಸ್ತಿ ಎಂಬುದು. ಹೋವರ್ಡ್‌ನ ಗದ್ಯವನ್ನು ಚೌಕಟ್ಟಿನ ತಲೆಯ ಮೇಲೆ ಪೆಟ್ಟಿಗೆ ಪೆಟ್ಟಿಗೆಯಾಗಿ ಕೂರಿಸುತ್ತಿದ್ದರು. ಚಿತ್ರದಲ್ಲಿ ಕತ್ತಿ ಬೀಸುತ್ತಿದ್ದಾನೆ, ಮೇಲೆ 'ಅವನು ಕತ್ತಿ ಬೀಸಿದ' ಎಂದಿದೆ. ಕರಾವಳಿಯವರಿಗೆ ಇದು ಬೇಗ ಹೊಳೆಯುತ್ತದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಮಾತಿನಲ್ಲಿ ಕುರುಕ್ಷೇತ್ರ ಕಟ್ಟುತ್ತಾನೆ. ಅದೇ ಪ್ರಸಂಗ ಬಯಲಾಟಕ್ಕೆ ಬಂದಾಗ ಅಷ್ಟೂ ಅರ್ಥವನ್ನು ಹೇಳುತ್ತ ನಿಂತರೆ ಚೆಂಡೆಯವನು ಆಕಳಿಸುತ್ತಾನೆ. ಹೋವರ್ಡ್ ಬರೆದದ್ದು ತಾಳಮದ್ದಳೆ. ಥಾಮಸ್ ವೇಷವನ್ನೂ ಕಟ್ಟಿಸಿ, ಅರ್ಥವನ್ನೂ ಬಿಡಲೊಲ್ಲೆ ಎಂದರು. ನಾನು ಇದನ್ನು ದೋಷ ಎಂದು ಪೂರ್ತಿ ಹೇಳಲಾರೆ. 1971ರಲ್ಲಿ 15 ಸೆಂಟ್ ಕೊಟ್ಟ ಹುಡುಗನಿಗೆ ಹೋವರ್ಡ್‌ನ ಭಾಷೆಯ ರುಚಿ ಹತ್ತಿದ್ದು ಆ ಪೆಟ್ಟಿಗೆಗಳಿಂದಲೇ. ನೋಡಿದ್ದನ್ನೇ ಹೇಳುವ ಪೆಟ್ಟಿಗೆ ದಂಡ. ನೋಡಲಾಗದ್ದನ್ನು, ಚಳಿಯನ್ನು, ವಾಸನೆಯನ್ನು, ಹಳೆಯ ನೆನಪನ್ನು ಹೇಳುವ ಪೆಟ್ಟಿಗೆ ಬೇಕು. ಥಾಮಸ್ ಎರಡನ್ನೂ ಬರೆದರು, ಗಡುವಿನ ಅವಸರದಲ್ಲಿ ಆರಿಸಲು ಪುರುಸೊತ್ತಿರಲಿಲ್ಲ ಅಂತ ಕಾಣುತ್ತದೆ.

ಅವರ ನಿಜವಾದ ದೊಡ್ಡ ಕೆಲಸ ಬೇರೆ ಕಡೆ ಇದೆ. 1934ರ ಮೇ ತಿಂಗಳಲ್ಲಿ ಬಂದ 'ಕ್ವೀನ್ ಆಫ್ ದಿ ಬ್ಲ್ಯಾಕ್ ಕೋಸ್ಟ್' ಕಥೆಯ ಮೊದಲ ಅಧ್ಯಾಯದಲ್ಲಿ ಕೋನನ್ ಬೆಲಿಟ್ ಎಂಬ ಕಡಲ್ಗಳ್ಳರ ರಾಣಿಯನ್ನು ಕೂಡಿಕೊಳ್ಳುತ್ತಾನೆ. ಎರಡನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅವರಿಬ್ಬರ ಹೆಸರಿಗೆ ಕರಾವಳಿಯೆಲ್ಲ ನಡುಗುತ್ತಿದೆ. ನಡುವೆ ಏನಾಯಿತು? ಹೋವರ್ಡ್ ಕೆಲವೇ ಸಾಲಿನಲ್ಲಿ ದಾಟಿಬಿಟ್ಟ. ಥಾಮಸ್ ಆ ಸಂದಿನಲ್ಲಿ ಕೈ ಹಾಕಿದರು. 1970ರಲ್ಲಿ ಶುರುವಾದ ಆ ಮಾಸಪತ್ರಿಕೆಯ 58ನೆಯ ಸಂಚಿಕೆಯಲ್ಲಿ, 1976ರ ಆರಂಭದಲ್ಲಿ, ಬೆಲಿಟ್ ಬಂದಳು. 100ನೆಯ ಸಂಚಿಕೆಯಲ್ಲಿ, 1979ರಲ್ಲಿ, ಸತ್ತಳು. ಎರಡು ಅಧ್ಯಾಯಗಳ ನಡುವಿನ ಒಂದು ಉಸಿರಿಗೆ ಮೂರು ವರ್ಷಕ್ಕೂ ಮಿಕ್ಕಿದ ಕಥೆ! ಮೂಲ ಓದಿದವರಿಗೆ ಅವಳು ಸಾಯುವುದು ಮೊದಲೇ ಗೊತ್ತು. ಗೊತ್ತಿದ್ದೂ ತಿಂಗಳು ತಿಂಗಳು ಕೊಂಡು ಓದಿದರು. ಹೋವರ್ಡ್‌ನ ಕಥೆಯಲ್ಲಿ ಬೆಲಿಟ್‌ನ ಸಾವು ಒಂದು ಸಂಜೆಯ ದುಃಖ. ಇಲ್ಲಿ ಅದು ಜೊತೆಗಿದ್ದವರೊಬ್ಬರು ಹೋದಂತೆ. ಇದು ಗದ್ಯ ಮಾಡಲಾಗದ್ದು, ತಿಂಗಳ ಪತ್ರಿಕೆ ಮಾತ್ರ ಮಾಡಬಲ್ಲದ್ದು.

ಇದೇ ಥಾಮಸ್ ಕೋನನ್ ಇಲ್ಲದ ಹೋವರ್ಡ್ ಕಥೆಗಳನ್ನೂ ಕೋನನ್ ಕಥೆ ಮಾಡಿದರು. ಅದರಲ್ಲಿ ಒಂದರ ಬಗ್ಗೆ ನನಗೆ ತಕರಾರಿದೆ. 1529ರಲ್ಲಿ ತುರ್ಕರು ವಿಯೆನ್ನಾಗೆ ಮುತ್ತಿಗೆ ಹಾಕಿದ ಚಾರಿತ್ರಿಕ ಕಥೆಯಲ್ಲಿ ಹೋವರ್ಡ್ ಸೋನ್ಯಾ ಎಂಬ ಹೆಣ್ಣನ್ನು ಸೃಷ್ಟಿಸಿದ್ದ. ಕುಡಿತ, ಬೈಗುಳ, ಕೈಯಲ್ಲಿ ಪಿಸ್ತೂಲು. ಥಾಮಸ್ ಮತ್ತು ಸ್ಮಿತ್ 1973ರಲ್ಲಿ ಅವಳನ್ನು ಕೋನನ್ ಕಾಲಕ್ಕೆ ತಂದು ರೆಡ್ ಸೋಂಜಾ ಮಾಡಿದರು. ಆಗ ಅವಳ ಮೈಮೇಲೆ ತೋಳಿನುದ್ದಕ್ಕೂ ಬರುವ ಕಬ್ಬಿಣದ ಬಳೆಗಳ ಅಂಗಿಯಿತ್ತು. ಯುದ್ಧಕ್ಕೆ ಹೋಗುವವಳಲ್ಲವೇ. ವರ್ಷದೊಳಗೆ ಸ್ಪೇನಿನ ಎಸ್ತೆಬಾನ್ ಮರೋಟೊ ಬಿಡಿಸಿದ ಒಂದು ಚಿತ್ರದಲ್ಲಿ ಆ ಅಂಗಿ ಕರಗಿ ಎರಡು ತುಂಡಾಯಿತು. ಆ ಎರಡು ತುಂಡೇ ಅವಳ ಗುರುತಾಗಿ ಉಳಿಯಿತು. ಕತ್ತಿಯೇಟಿಗೆ ಅದು ಯಾವ ರಕ್ಷಣೆ ಕೊಡುತ್ತದೆ ಎಂದು ನೀವೇ ಯೋಚಿಸಿ.

ಬಟ್ಟೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. 1954ರಿಂದ ಅಮೆರಿಕದ ಕಾಮಿಕ್ಸ್‌ಗೆ ಒಂದು ಸ್ವಯಂ ನಿಯಂತ್ರಣದ ಸಂಹಿತೆ ಇತ್ತು. ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಯವರು ಇಡುತ್ತಿರಲಿಲ್ಲ. ಕಪ್ಪುಬಿಳುಪಿನ ದೊಡ್ಡ ಪತ್ರಿಕೆಗಳಿಗೆ ಅದು ಅನ್ವಯಿಸದು. ಹಾಗಾಗಿ ಹಿಮರಾಕ್ಷಸನ ಮಗಳ ಕಥೆಯನ್ನು ಸ್ಮಿತ್ 1971ರಲ್ಲಿ ಕಪ್ಪುಬಿಳುಪಿನಲ್ಲಿ ಬಿಡಿಸಿದಾಗ ಅವಳ ಮೈಮೇಲೆ ಜಾಳಿಗೆಯಷ್ಟೇ ಇತ್ತು. ಮರುವರ್ಷ ಅದೇ ಪುಟಗಳು ಬಣ್ಣದ ಮಾಸಪತ್ರಿಕೆಗೆ ಬಂದಾಗ ಅಲ್ಲಲ್ಲಿ ಮುಚ್ಚಿ ತಿದ್ದಿ ಅಚ್ಚು ಹಾಕಿದರು. ತಮಾಷೆಯೆಂದರೆ ಈ ಕಥೆಯ ಗದ್ಯವನ್ನೇ 'ವಿಯರ್ಡ್ ಟೇಲ್ಸ್' ಸಂಪಾದಕ ಫಾರ್ನ್ಸ್‌ವರ್ತ್ ರೈಟ್ ಹೋವರ್ಡ್‌ಗೆ ವಾಪಸು ಕಳಿಸಿದ್ದರು.

ನಮ್ಮ ದೇಶಕ್ಕೂ ಇಲ್ಲಿ ಒಂದು ಎಳೆ ಇದೆ. ಹೋವರ್ಡ್‌ನ ನಕ್ಷೆಯ ಪೂರ್ವದಲ್ಲಿ 'ವೆಂಧ್ಯ' ಎಂಬ ದೇಶ. ವಿಂಧ್ಯದಿಂದ ಬಂದ ಹೆಸರು. ರಾಜಧಾನಿ ಅಯೋಧ್ಯೆ. ಆಳುವವರು ಕ್ಷತ್ರಿಯರು. ಅಲ್ಲಿ ನಡೆಯುವ ಒಂದು ಕಥೆಯಲ್ಲಿ ರಾಜ ಭುಂದ ಚಂದ್ ಮಾಟಕ್ಕೆ ಸಿಕ್ಕು ಸಾಯುತ್ತಾನೆ. ಅವನ ತಂಗಿಗೆ 'ದೇವಿ' ಎಂಬ ಬಿರುದು, ಹೆಸರು ಮಾತ್ರ ಯಾಸ್ಮಿನಾ! ಉತ್ತರಕ್ಕೆ ಹಿಮೇಲಿಯನ್ ಪರ್ವತಗಳು, ಅಲ್ಲಿ ಅಫ್ಘುಲಿಸ್ತಾನ. ಟೆಕ್ಸಸ್‌ನಲ್ಲಿ ಕೂತು, ಬ್ರಿಟಿಷ್ ಗಡಿನಾಡಿನ ಸಾಹಸಕಥೆಗಳನ್ನು ಓದಿ, ಇದ್ದಬದ್ದ ಹೆಸರುಗಳನ್ನೆಲ್ಲ ಒಂದೇ ಒರಳಿಗೆ ಹಾಕಿ ರುಬ್ಬಿದ್ದಾನೆ. 1934ರ ಈ ಕಥೆಯನ್ನು ಥಾಮಸ್, ಬುಸೆಮಾ, ಅಲ್ಕಾಲ ಮೂವರೂ 'ಸ್ಯಾವೇಜ್ ಸೋರ್ಡ್'ನ 16ರಿಂದ 19ನೆಯ ಸಂಚಿಕೆವರೆಗೆ ಬಿಡಿಸಿದ್ದಾರೆ. ಗದ್ಯದಲ್ಲಿ ನಗು ಬಂದು ದಾಟಿಹೋಗುವ ಈ ಕಲಬೆರಕೆ ಚಿತ್ರದಲ್ಲಿ ದಾಟುವುದಿಲ್ಲ, ಯಾಕೆಂದರೆ ಚಿತ್ರಕಾರ ಒಂದಲ್ಲ ಒಂದು ಗುಮ್ಮಟವನ್ನು, ಒಂದಲ್ಲ ಒಂದು ಮುಂಡಾಸನ್ನು ಬಿಡಿಸಲೇಬೇಕು. ಹೋವರ್ಡ್‌ನ ಪೂರ್ವಗ್ರಹಗಳಿಗೂ ಇದೇ ಗತಿ. ಕಪ್ಪು ಜನರ ಬಗ್ಗೆ, ಪೂರ್ವದವರ ಬಗ್ಗೆ ಅವನ ಕಾಲದ ತಿರಸ್ಕಾರ ಅವನ ವಿಶೇಷಣಗಳಲ್ಲಿ ಅಡಗಿ ಕೂತಿದೆ. ಗೆರೆಗೆ ಇಳಿದಾಗ ಅಡಗಲು ಜಾಗ ಸಿಗುವುದಿಲ್ಲ. ಇದನ್ನು ಹಾಗೇ ಬಿಡಿಸುವುದು ನಿಷ್ಠೆಯಲ್ಲ, ಸೋಮಾರಿತನ.

ನಂತರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ಶತಮಾನದಲ್ಲಿ ಡಾರ್ಕ್ ಹಾರ್ಸ್ ಎಂಬ ಪ್ರಕಾಶಕರು ಹೊಸದಾಗಿ ಶುರುಮಾಡಿದಾಗ ಲೇಖಕ ಕರ್ಟ್ ಬ್ಯೂಸಿಕ್ ಮಾತು ಕಡಿಮೆ ಮಾಡಿದರು. ಕ್ಯಾರಿ ನಾರ್ಡ್ ಅವರ ಪೆನ್ಸಿಲ್ಲಿಗೆ ಶಾಯಿ ಹಚ್ಚದೆ, ಅದರ ಮೇಲೆಯೇ ಡೇವ್ ಸ್ಟುವರ್ಟ್ ಬಣ್ಣ ಹಾಕಿದರು. ಗೆರೆಯ ಒರಟು ಹಾಗೇ ಉಳಿಯಿತು, ಹಳೆಯ ಪಲ್ಪ್ ಕಾಗದದ ಮೇಲೆ ಕೈಯಾಡಿಸಿದಂತೆ. 2018ರಿಂದ ಫ್ರಾನ್ಸಿನ ಗ್ಲೇನಾ ಪ್ರಕಾಶನ ಒಂದೊಂದು ಕಥೆಗೆ ಒಂದೊಂದು ತಂಡ ಎಂದು ಹಂಚಿತು. ಒಬ್ಬರ ಕೋನನ್ ಇನ್ನೊಬ್ಬರಂತಿಲ್ಲ. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ, ಪ್ರಸಂಗ ಒಂದೇ, ಮೇಳ ಬೇರೆ.

ಪ್ರಶ್ನೆಗಳಿಗೆ ಬಿಟ್ಟಾಗ ಹಿಂದಿನ ಸಾಲಿನಿಂದ ಒಬ್ಬ ಕಾಲೇಜು ಹುಡುಗಿ ಕೇಳಿದಳು: "ಸಾರ್, ಆನೆ ಗೋಪುರವನ್ನು ಕನ್ನಡದಲ್ಲಿ ಮಾಡೋದಾದ್ರೆ ಹೇಗೆ ಮಾಡ್ತೀರಿ?"

ಮಾಡಬೇಕೆಂಬ ಆಸೆಯಿದೆ, ಧೈರ್ಯವಿಲ್ಲ ಎಂದೆ. ಹೋವರ್ಡ್‌ನ ಇಡೀ ಕಟ್ಟಡ ನಿಂತಿರುವುದು ಆನೆಯನ್ನು ಕಾಣದ ಕಣ್ಣಿನ ಮೇಲೆ. ನಮ್ಮಲ್ಲಿ ಆ ಕಣ್ಣು ಯಾರಿಗಿದೆ? ಎರಡು ವರ್ಷದ ಮಗುವಿಗೂ ಆನೆಯ ತಲೆ ಗೊತ್ತು, ಅದರ ಮುಂದೆ ಕಡುಬು ಇಟ್ಟು ಗೊತ್ತು. ಇಲ್ಲಿ ತಲೆಯನ್ನು ಬಚ್ಚಿಟ್ಟು ಕಡೆಗೆ ತೋರಿಸಿದರೆ ಹೆದರಿಕೆ ಹುಟ್ಟುವುದಿಲ್ಲ, ಜನ ಕೆನ್ನೆ ಬಡಿದುಕೊಳ್ಳುತ್ತಾರೆ. ಹಾಗಾಗಿ ಮೊದಲ ಪುಟದಲ್ಲೇ ತಲೆ ತೋರಿಸಿಬಿಡಬೇಕು, ಹೆಂಡದಂಗಡಿಯ ಗೋಡೆಯ ಮೇಲಿನ ಚಿತ್ರವಾಗಿ. ಬಚ್ಚಿಡಬೇಕಾದ್ದು ಕೈಕಾಲು, ಆ ಸುಟ್ಟ ಗಾಯಗಳು. ಅವುಗಳನ್ನು ಯಾವ ಪುಟದಲ್ಲಿ, ತಿರುವಿದ ಮೇಲೋ ತಿರುವುವ ಮೊದಲೋ, ಎಂಬುದು ನನಗಿನ್ನೂ ಬಗೆಹರಿದಿಲ್ಲ.

ಅವಳು ಬರೆದುಕೊಂಡಳು. ಒಬ್ಬ ಹಿರಿಯರು ಎದ್ದು ಕಾಫಿ ಆರುತ್ತಿದೆ ಎಂದು ನೆನಪಿಸಿದರು.

ಎಲ್ಲರೂ ಕಾಫಿಗೆ ಹೋದ ಮೇಲೆ ನಾನು ಪ್ರೊಜೆಕ್ಟರಿನ ತಂತಿ ಸುತ್ತುತ್ತಿದ್ದೆ. ಪರದೆ ಇನ್ನೂ ಆರಿರಲಿಲ್ಲ. ಮುಂದಿನ ಸಾಲಿನ ಹುಡುಗ ಕೈಯಲ್ಲಿ ಬಿಸ್ಕತ್ತು ಹಿಡಿದು ಹತ್ತಿರ ಬಂದು ನಿಂತ. ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದ.

"ಅಂಕಲ್, ಇದು ಗಣಪತಿ ಅಲ್ಲ ಅಂದ್ರಲ್ಲ."

"ಅಲ್ಲ ಪುಟ್ಟ."

"ಮತ್ತೆ ಯಾಕೆ ಅಳ್ತಾ ಇದೆ?"

ಕಣ್ಣಿನ ಕೆಳಗೆ ನಾನು ಎಳೆದಿದ್ದ ಎರಡು ಗೆರೆಯ ಬಗ್ಗೆ ಇಡೀ ಸಭೆಯಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ತಂತಿಯನ್ನು ಕೆಳಗಿಟ್ಟು, ಅವನನ್ನು ಕುರ್ಚಿಯಲ್ಲಿ ಕೂರಿಸಿ, "ಒಂದೂರಲ್ಲಿ ಒಬ್ಬ ಕಳ್ಳ ಇದ್ದ" ಅಂತ ಶುರುಮಾಡಿದೆ.